ಗುಹೆಯ ಮುಂದಿನ ಹೆಜ್ಜೆಗಳು

ನಮ್ಮ ಸೋದರತ್ತೆಗೆ ಮನೆಯವರು ಇಟ್ಟ ಅಡ್ಡಹೆಸರು ಮೊಲ. ಬಾಗಿಲು ಬಡಿದರೆ ಬೆಚ್ಚಿಬೀಳುತ್ತಿದ್ದಳು. ಬಡಿಯದಿದ್ದರೆ ಇನ್ನೂ ಯಾಕೆ ಯಾರೂ ಬಂದಿಲ್ಲ ಎಂದು ಹೆದರುತ್ತಿದ್ದಳು. ಅಂಥವಳು ಬದುಕಿಡೀ ಸಿಂಹ, ತೋಳಗಳ ನಡುವೆ ಕೂತು ಹೊಟ್ಟೆ ಹೊರೆದಳು ಎಂದು ನೆಂಟರೆಲ್ಲ ನಗುತ್ತಿದ್ದರು. ನಗುವವರಿಗೇನು, ಅವರು ಆ ಅಂಗಡಿಯಲ್ಲಿ ಕೂತವರಲ್ಲ.

ಅದು ಹಳೆಯ ಚಿತ್ರಗಳ ಅಂಗಡಿ. ತಾಮ್ರದ ತಗಡಿನಲ್ಲಿ ಗೆರೆ ಕೊರೆದು ಅಚ್ಚೊತ್ತಿದ, ಪ್ರಾಣಿಗಳ ನೀತಿಕಥೆಯ ಚಿತ್ರಗಳು ಕೊಳೆ ಹಿಡಿದು ಬರುತ್ತಿದ್ದವು. ಅತ್ತೆ ಹಾಳೆಯನ್ನು ನೀರಿನ ತಟ್ಟೆಯಲ್ಲಿ ಮಲಗಿಸಿ ಹಳದಿ ಬಿಡಿಸುತ್ತಿದ್ದಳು. ಒಣಗಿದ ಮೇಲೆ, ಎಂದೋ ನೊಣ ಕೂತು ಬಿಟ್ಟುಹೋದ ಕರಿ ಚುಕ್ಕೆಗಳನ್ನು ಬ್ಲೇಡಿನ ತುದಿಯಿಂದ ಒಂದೊಂದಾಗಿ ಕೆರೆಯುತ್ತಿದ್ದಳು. ಪಕ್ಕದ ಮೇಜಿನಲ್ಲಿ ಚೌಕಟ್ಟು ಕೂಡಿಸುವವಳು ನಾನು.

ಅಂಗಡಿ ಯಜಮಾನರ ಕೋಣೆಗೆ ಎರಡು ಬಾಗಿಲು. ಒಂದು ನಮ್ಮ ಕಡೆಗೆ, ಇನ್ನೊಂದು ಬೀದಿಗೆ. ಕೆಲಸ ಕೆಡಿಸಿದವರನ್ನು ಅವರು ಬೈಯುತ್ತಿರಲಿಲ್ಲ. "ಸ್ವಲ್ಪ ಒಳಗೆ ಬನ್ನಿ, ಮಾತಾಡೋಣ" ಎಂದು ಮೆತ್ತಗೆ ಕರೆಯುತ್ತಿದ್ದರು. ರಟ್ಟು ಕಟ್ಟುವ ಮುದುಕ ಹಾಗೆ ಹೋದ, ಗಾಜು ಕತ್ತರಿಸುವವಳೂ ಹೋದಳು. ಬೀದಿ ಬಾಗಿಲಿನಿಂದ ಮನೆಗೆ ಹೋದರೆಂದು ಗೊತ್ತು. ಆದರೂ ಒಳಗೆ ಹೋದವರು ತಿರುಗಿ ಬಂದದ್ದನ್ನು ನಾವು ಕಂಡವರಲ್ಲ.

ಹೀಗಿರುವಾಗ ಅತ್ತೆಯ ಕಣ್ಣು ಮಂಜಾಗತೊಡಗಿತು. ಅವಳು ಹೇಳಿದ್ದು ನನಗೊಬ್ಬಳಿಗೆ.

"ಎಲ್ಲಾದ್ರೂ ಬಾಯಿ ಬಿಟ್ಟೀಯೆ, ಜೋಕೆ. ಈ ಮೇಜು ಹೋದ್ರೆ ನನ್ನನ್ನ ಇನ್ಯಾರು ಕೂರಿಸ್ಕೋತಾರೆ?"

ಗಂಡನಿಲ್ಲ, ಮಕ್ಕಳಿಲ್ಲ. ನಮ್ಮ ಮನೆಯಲ್ಲಿ ತಲೆಯೆತ್ತಿ ಊಟಕ್ಕೆ ಕೂರುತ್ತಿದ್ದದ್ದು ಆ ಮೇಜಿನ ಬಲದಿಂದ. ನಾನು ಬಾಯಿ ಬಿಡಲಿಲ್ಲ.

ಒಂದು ಬೆಳಿಗ್ಗೆ ಅತ್ತೆ ಹಾಳೆಯೊಂದನ್ನು ನನ್ನತ್ತ ಸರಿಸಿದಳು. "ಎಷ್ಟು ಚೊಕ್ಕ ಆಯ್ತು ನೋಡೇ. ಈ ಗುಹೆ ಮುಂದೆ ನೊಣದ ಚುಕ್ಕೆಗಳು ಸಂತೆ ನೆರೆದಿದ್ವು."

ಕಾಯಿಲೆಯ ನಾಟಕವಾಡುವ ಸಿಂಹದ ಚಿತ್ರ ಅದು. ನೋಡಲು ಬಾ ಎಂದು ಸಿಂಹ ಒಳಗಿನಿಂದ ಕರೆಯುತ್ತದೆ. ಗುಹೆಯೊಳಗೆ ಹೋದ ಹೆಜ್ಜೆಗಳಿವೆ, ಹೊರಗೆ ಬಂದದ್ದು ಒಂದೂ ಇಲ್ಲ ಎಂದು ಕಂಡುಕೊಂಡ ನರಿ ದೂರವೇ ನಿಲ್ಲುತ್ತದೆ. ಚಿತ್ರದಲ್ಲೀಗ ಸಿಂಹವಿತ್ತು, ನರಿಯಿತ್ತು. ನಡುವಿನ ನೆಲ ಖಾಲಿ.

"ಅತ್ತೆ, ಹೆಜ್ಜೆಗಳು ಎಲ್ಲಿ?"

ಯಾವ ಹೆಜ್ಜೆ ಎಂದು ಅವಳು ಕೇಳಲಿಲ್ಲ. ಬೆರಳಿನಿಂದ ಹಾಳೆಯನ್ನು ತಡವಿದಳು.

"ನಾನೇ ಕೆರೆದೆ ಅಂತ ಹೇಳ್ತೀನಿ," ಎಂದೆ.

"ನಿನಗೇನು ಹುಚ್ಚಾ? ಮಕ್ಕಳಿರೋಳು ನೀನು."

ಅಷ್ಟರಲ್ಲಿ ಯಜಮಾನರು ಬಂದು ಹಾಳೆಯನ್ನು ಬೆಳಕಿಗೆ ಹಿಡಿದರು. ತುಂಬಾ ಹೊತ್ತು ನೋಡಿದರು. ಆಮೇಲೆ ಅತ್ತೆಯ ಕಣ್ಣನ್ನು ನೋಡಿದರು.

"ಸ್ವಲ್ಪ ಒಳಗೆ ಬನ್ನಿ, ಮಾತಾಡೋಣ."

ಅತ್ತೆ ಏಳುವಾಗ ನನ್ನ ಮಣಿಕಟ್ಟು ಹಿಡಿದಳು. ಬಾಗಿಲು ಮುಚ್ಚಿತು. ನಾನು ಅಂಟು ಹಚ್ಚಿದ ಮೂಲೆಗೇ ಮತ್ತೆ ಮತ್ತೆ ಅಂಟು ಹಚ್ಚುತ್ತಾ ಕೂತೆ.

ಹೊರಗೆ ಬಂದವರು ಯಜಮಾನರೊಬ್ಬರೇ. ಅತ್ತೆಯ ಚೀಲ ತೆಗೆದುಕೊಂಡು ಹೋದರು. ಆ ಕಡೆ ಬೀದಿ ಬಾಗಿಲು ಕಿರುಗುಟ್ಟಿತು. ಮತ್ತೆ ಬಂದು, "ಇನ್ಮೇಲೆ ಆ ಮೇಜೂ ನೀನೇ ನೋಡ್ಕೋಬೇಕಾಗುತ್ತೆ. ಸ್ವಲ್ಪ ಒಳಗೆ ಬಾಮ್ಮ, ಮಾತಾಡೋಣ," ಎಂದರು.

ಅಂಥ ಭಯ ನನಗೆ ಹೆರಿಗೆಯಲ್ಲೂ ಆಗಿರಲಿಲ್ಲ.

"ಇಲ್ಲೇ ಹೇಳಿ ಸಾರ್," ಎಂದೆ.

ಅವರು ನಕ್ಕು ಒಳಗೆ ಹೋದರು. ಬಾಗಿಲು ಮಾತ್ರ ತೆರೆದೇ ಇತ್ತು.

ಸಂಜೆ ಮನೆಗೆ ಬಂದರೆ ಅತ್ತೆ ದೀಪ ಹಾಕದೆ ಅಡುಗೆಮನೆಯಲ್ಲಿ ಕೂತಿದ್ದಳು. ನನ್ನ ಹೆಜ್ಜೆ ಕೇಳಿ ತಲೆಯೆತ್ತಿದಳು.

"ನಿನ್ನನ್ನೂ ಕರೆದ್ರಾ?"

"ಕರೆದ್ರು. ನಾನು ಹೋಗ್ಲಿಲ್ಲ."

ಅವಳು ನನ್ನ ಕೈಗಾಗಿ ತಡಕಾಡಿ ಹಿಡಿದುಕೊಂಡಳು.

"ನಾಳೆನೂ ಕರೀತಾರೆ ಕಣೇ," ಎಂದಳು.