ಕುಂಕುಮ ತೊಗೊಳ್ಳದೆ ಎದ್ದು ಬಂದ ಸೋಮವಾರ

ಬಸವೇಶ್ವರನಗರದ ನಮ್ಮ ಮನೆಯ ಊಟದ ಮೇಜೇ ನನ್ನ ಆಫೀಸು. ಮೀಟಿಂಗ್ ಮುಗಿಸುವಾಗ ನಮ್ಮವರ ಇಂಗ್ಲಿಷ್ ಕೇಳಬೇಕು. ಒಬ್ಬ ‘ಡ್ರಾಪ್ ಆಫ್’ ಆಗುತ್ತಾನೆ, ಇನ್ನೊಬ್ಬಳು ‘ಹಾಪ್ ಔಟ್’ ಆಗುತ್ತಾಳೆ, ಮ್ಯಾನೇಜರಂತೂ ‘ಜಂಪ್ ಆಫ್’ ಆಗಿಯೇಬಿಡುತ್ತಾರೆ. ಯಾವ ಮೇಷ್ಟರೂ ಕಲಿಸದ ಈ ಇಂಗ್ಲಿಷನ್ನು ನಾನೂ ದಿನಕ್ಕೆ ಹತ್ತು ಸಲ ಜೋರಾಗಿ ಒದರುತ್ತೇನೆ.

ಎದುರಿಗೆ ಕೂತು ಅವರೆಕಾಯಿ ಬಿಡಿಸುತ್ತಿದ್ದ ಅಮ್ಮ ಒಂದು ದಿನ ಕೇಳಿದಳು, “ಅದೇನೇ ಅದು, ಡ್ರಾಪ್ ಆಫು?”

“ಮಧ್ಯದಲ್ಲೇ ಎದ್ದು ಹೋಗ್ತೀನಿ ಅಂತ.”

“ಯಾಕೆ ಅಂತ ಯಾರೂ ಕೇಳಲ್ವಾ?”

“ಇಲ್ಲಮ್ಮ.”

“ಬೇಜಾರೂ ಮಾಡ್ಕೊಳಲ್ವಾ?”

“ಯಾರಿಗಿದೆ ಪುರುಸೊತ್ತು?”

“ಒಳ್ಳೇ ಪದ್ಧತಿ ಕಣೇ,” ಅಂದಳು. ನಾನು ನಕ್ಕು ಮುಂದಿನ ಕಾಲ್‌ಗೆ ಹೋದೆ.

ನಮ್ಮಲ್ಲಿ ಎದ್ದು ಹೊರಡುವುದು ಅಷ್ಟು ಸಲೀಸಲ್ಲ. ಹಿಂದಿನ ರಸ್ತೆಯ ಮನೆಯಲ್ಲಿ ಸೋಮವಾರ ಸಂಜೆ ಸೇರಿ ವಚನ ಹಾಡುವ ಅಮ್ಮನ ಬಳಗದಲ್ಲಂತೂ ‘ಬರ್ತೀನಿ’ ಅಂದಮೇಲೆ ಕುಂಕುಮ, ಆಮೇಲೆ ಎಲೆ ಅಡಿಕೆ, ಆಮೇಲೆ ಗೇಟಿನ ಹತ್ತಿರ ಅರ್ಧ ಗಂಟೆ ಮಾತು. ಕುಂಕುಮ ತೊಗೊಳ್ಳದೆ ಯಾರಾದರೂ ಎದ್ದರೆ ಮುನಿಸಿಕೊಂಡಿದ್ದಾರೆ ಅಂತಲೇ ಅರ್ಥ.

ಆ ಸೋಮವಾರ ಅಮ್ಮ ಹಾಡಿನ ನಡುವೆಯೇ ಎದ್ದು, “ನಾನಿನ್ನು ಡ್ರಾಪ್ ಆಫ್ ಆಗ್ತೀನಿ, ಮುಂದಿನ ವಾರದಿಂದ ಬರಲ್ಲ,” ಅಂದು ಬಂದೇಬಿಟ್ಟಳಂತೆ. ಅವಳು ಚಪ್ಪಲಿ ಬಿಡುವಷ್ಟರಲ್ಲಿ ಆರು ಜನ ಹೆಂಗಸರು ಕುಂಕುಮದ ಬಟ್ಟಲು ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದರು. ನಾನು ಮೀಟಿಂಗ್ ಬಿಟ್ಟು ಎದ್ದೆ.

“ಯಾರು ಏನಂದ್ರು ಹೇಳಿ ಅಕ್ಕಾ,” ಅಂದರು ಹಾಡು ಹೇಳಿಕೊಡುವವರು.

ಅಮ್ಮ ಸೆರಗು ತಿರುಚುತ್ತಾ ನಿಂತಳು. “ಯಾರೂ ಏನೂ ಅಂದಿಲ್ಲ. ಒಂದು ವರ್ಷದಿಂದ ನಂಗೆ ಕಿವಿ ಸರಿಯಾಗಿ ಕೇಳಿಸ್ತಿಲ್ಲ. ನಿಮ್ಮ ಬಾಯಿ ನೋಡ್ಕೊಂಡೇ ಹಾಡ್ತಿದ್ದೆ. ಈಗ ತಾಳ ತಪ್ಪಿಸಿ ಎಲ್ಲರ ಹಾಡೂ ಕೆಡಿಸ್ತಾ ಇದೀನಿ. ಅದನ್ನ ಹೇಳಕ್ಕೆ ನಾಚಿಕೆ ಆಯ್ತು.”

ಹಾಡು ಹೇಳಿಕೊಡುವವರು ಅಮ್ಮನ ಹಣೆಗೆ ಕುಂಕುಮ ಇಟ್ಟರು. ಅವಳ ಕೈ ಹಿಡಿದುಕೊಂಡು ಜೋರಾಗಿ, “ಇನ್ಮೇಲೆ ನನ್ನ ಪಕ್ಕದಲ್ಲೇ ಕೂತ್ಕೊಳಿ. ತಾಳ ನಿಮ್ಮ ಅಂಗೈ ಮೇಲೇ ಹಾಕ್ತೀನಿ,” ಅಂದರು. ಅಮ್ಮ ಮಕ್ಕಳ ಹಾಗೆ ಅತ್ತುಬಿಟ್ಟಳು.

ಟೀವಿ ಸೌಂಡು ಜಾಸ್ತಿ ಇಟ್ಟಳೆಂದು ಆ ವರ್ಷವೆಲ್ಲ ಅವಳ ಮೇಲೆ ರೇಗಿದ್ದೆ. ದಿನವಿಡೀ ನನ್ನೆದುರಿಗೇ ಕೂರುವ ಅಮ್ಮನಿಗೆ ಕಿವಿ ಮಂದವಾಗಿದೆ ಅಂತ ನನಗೆ ಗೊತ್ತಾದದ್ದು ಅವತ್ತು, ಬಾಗಿಲಲ್ಲಿ ನಿಂತಿದ್ದ ಆ ಆರು ಜನರ ಜೊತೆಗೆ.