ಓದಿದ್ದು ಮೂರೇ ಅಕ್ಷರ

ಮಹಬೂಬ್ ಸಾಹೇಬರೇ, ನಿಮ್ಮನ್ನು ನೌಕರಿಯಿಂದ ತೆಗೆದದ್ದು ಸರ್ಕಾರವಲ್ಲ — ನಾನು.

ನಾವು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಔರಾದ ತಹಶೀಲ ಕಚೇರಿಯ ಹಳೆಯ ದಫ್ತರವೆಲ್ಲ ಉರ್ದುವಿನಲ್ಲಿತ್ತು, ಅದು ನಿಮ್ಮ ಕೈಯಲ್ಲಿತ್ತು. ಮೇಲಿನಿಂದ ಬರುವ ಕಾಗದಗಳು ಮಾತ್ರ ಇಂಗ್ಲಿಷಿಗೆ ತಿರುಗಿದ್ದವು. ಅವನ್ನು ಓದಿ ಹೇಳುವವನು ಭಾಲ್ಕಿಯಲ್ಲಿ ಮೆಟ್ರಿಕ್ ಮುಗಿಸಿ ಬಂದ ನಾನೊಬ್ಬನೇ. ಅಲ್ಪವಿದ್ಯಾ ಮಹಾಗರ್ವಿ ಅನ್ನುತ್ತಾರಲ್ಲ, ಅದು ನಾನೇ. ಯಾರು ಉಳಿಯುತ್ತಾರೆ, ಯಾರು ಹೋಗುತ್ತಾರೆ ಎಂಬ ಅಂಜಿಕೆಯಲ್ಲಿ ಎಲ್ಲರ ಬಾಯಲ್ಲೂ ಆಗ ರಿಟೈರ್ ಎಂಬ ಒಂದೇ ಮಾತು.

ನಿಮ್ಮ ಹೆಸರಿಗೆ ಕಾಗದ ಬಂತು. ಆರ್, ಇ, ಟಿ — ಇಷ್ಟು ಕಂಡೆ. ಮುಂದಿನದನ್ನು ನಾಲಿಗೆಯೇ ಕೂಡಿಸಿಕೊಂಡಿತು.

"ನಿಮಗ ರಿಟೈರ್ ಮಾಡ್ಯಾರ್ರಿ, ಸಾಹೇಬ್ರ."

"ಸರ್ಕಾರದ ಹುಕುಂ ಅದ. ನಾವೇನ್ ಮಾಡೋದದ ರೀ?" ಎಂದಿರಿ. ಬೀರುವಿನ ಕೀಲಿ ಮೇಜಿನ ಮೇಲಿಟ್ಟು ನಿಮ್ಮೂರು ಸಂತಪುರದ ಬಸ್ಸು ಹತ್ತಿದಿರಿ.

ಮರುದಿನ ಆ ಕಾಗದವನ್ನು ಫೈಲಿಗೆ ಹಚ್ಚುವಾಗ ಪೂರ್ತಿ ಓದಿದೆ. ರಿಟೈರ್ ಅಲ್ಲ, ರಿಟೇನ್. ಡಿಕ್ಷನರಿ ತೆಗೆದರೆ ಎರಡೂ ಒಂದೇ ಪುಟದಲ್ಲಿದ್ದವು. ರಿಟೇನ್ ಅಂದರೆ ಉಳಿಸಿಕೊಳ್ಳುವುದು. ಹಳೆಯ ದಫ್ತರ ಬಲ್ಲವರು ನೀವೊಬ್ಬರೇ, ನಿಮ್ಮನ್ನು ಬಿಡಬಾರದು ಎಂದು ಅದರಲ್ಲಿ ಬರೆದಿತ್ತು.

ಅಲ್ಲಿಯವರೆಗೆ ಅದು ತಪ್ಪು. ಅಲ್ಲಿಂದ ಮುಂದೆ ಪಾಪ. ವಾರ ಕಳೆದ ಮೇಲೆ ತಹಶೀಲ್ದಾರರು, "ಅವರು ಯಾಕ ಬರವಲ್ರು?" ಎಂದರು.

"ತಾವೇ ಬಿಟ್ಟು ಹೋಗ್ಯಾರ್ರಿ."

ನನ್ನ ಇಂಗ್ಲಿಷಿನ ಬಣ್ಣ ಬಯಲಾದೀತೆಂಬ ಭಯ — ಅದೂ ಇತ್ತು. ಆದರೆ ನಿಜ ಹೇಳಬೇಕೆಂದರೆ ನಿಮ್ಮ ಕುರ್ಚಿಯ ಮೇಲೆ ನನಗೆ ಕಣ್ಣಿತ್ತು. ಎಲ್ಲದಕ್ಕೂ "ಸಾಹೇಬರನ್ನ ಕೇಳ್ರಿ" ಅನ್ನುವುದನ್ನು ಕೇಳಿ ಕೇಳಿ ಹೊಟ್ಟೆ ಉರಿದಿತ್ತು. ಆ ಕುರ್ಚಿಯಲ್ಲಿ ಹದಿನೈದು ವರ್ಷ ಕೂತೆ.

ಮೊನ್ನೆ ಕಮಲನಗರದ ಬಜಾರದಲ್ಲಿ ನಿಮ್ಮ ಮಗ ಸಿಕ್ಕಿದ್ದ. ನಿಮ್ಮ ಆರೋಗ್ಯ ವಿಚಾರಿಸಿದೆ. "ಸರ್ಕಾರಕ್ಕ ನಮ್ಮ ಅಬ್ಬಾ ಬ್ಯಾಡಾದ್ರುರಿ. ಅವತ್ತಿನಿಂದ ಕಲಂ ಮುಟ್ಟಿಲ್ಲ" ಎಂದ. ನನಗೆ ಚಹಾ ಕುಡಿಸಿ ಕಳಿಸಿದ.

ಇಷ್ಟನ್ನು ಬರೆದು ಟಪಾಲಿಗೆ ಹಾಕಬಹುದಿತ್ತು. ಆದರೆ ನಿಮಗೆ ಕನ್ನಡ ಓದಲು ಬಾರದು, ಇನ್ನೊಬ್ಬರು ಓದಿ ಹೇಳಬೇಕಾದೀತು. ಅದು ಬೇಡ. ನಾಳೆ ಮುಂಜಾನೆಯ ಬಸ್ಸಿಗೆ ನಾನೇ ಬರುತ್ತೇನೆ. ನಿಮ್ಮ ಮಗನನ್ನೂ ಎದುರಿಗೆ ಕೂಡಿಸಿಕೊಂಡು ಹೇಳುತ್ತೇನೆ — ಸರ್ಕಾರಕ್ಕೆ ನೀವು ಬೇಕಾಗಿದ್ದಿರಿ. ಬೇಡವಾಗಿದ್ದದ್ದು ನನಗೆ.