ಚೇವೊ ಬಿಗಿದ ಜಾಲರಿ

ಮರುಭೂಮಿಯ ನಡುವಿನ ಯೂಮಾ ಊರಿನಲ್ಲಿ ಎವ್ಸೇಬಿಯೊ ತರಾಂಗೊ ಯಾರು ಎಂದು ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ, ಚೇವೊ ಎನ್ನಬೇಕು. ಹಾಗೆಂದ ಕೂಡಲೇ ಎದುರಿಗಿದ್ದವರು ಒಂದೋ ನಗುತ್ತಾರೆ, ಇಲ್ಲವೇ ಹಲ್ಲು ಕಡಿಯುತ್ತಾರೆ. ಈ ಮನುಷ್ಯನಿಂದ ಬೈಸಿಕೊಳ್ಳದೆ ಈಜುಕೊಳದ ಜಾಲರಿ ರಿಪೇರಿ ಮಾಡಿಸಿಕೊಂಡವರು ಇಲ್ಲಿ ಬಹಳ ಕಡಿಮೆ.

ವಯಸ್ಸು ಅರವತ್ತೊಂದು. ಮೂವತ್ತು ವರ್ಷದಿಂದ ಇದೊಂದೇ ಕೆಲಸ. ಮನೆಗಳ ಹಿತ್ತಿಲ ಕೊಳದ ಸುತ್ತಲೂ ಮೇಲೂ ಅಲ್ಯೂಮಿನಿಯಂ ಕಂಬಗಳ ಪಂಜರ ಇರುತ್ತದಲ್ಲ, ಅದಕ್ಕೆ ಜಾಲರಿ ಹೊದಿಸುವುದು, ಹರಿದದ್ದನ್ನು ಕಿತ್ತು ಹೊಸದು ಕೂರಿಸುವುದು. ಈ ಊರಿನ ಬಿಸಿಲಿಗೆ ಜಾಲರಿ ನಾಲ್ಕೈದು ವರ್ಷದಲ್ಲಿ ಹಪ್ಪಳದಂತೆ ಪುಡಿಯಾಗುತ್ತದೆ. ಅದನ್ನು ಚೌಕಟ್ಟಿನ ಸಂದಿನಲ್ಲಿ ಹಿಡಿದಿಡುವ ರಬ್ಬರ್ ಹುರಿ ಒಣಗಿ ಕಡ್ಡಿಯಾಗುತ್ತದೆ. ಜುಲೈ ತಿಂಗಳಲ್ಲಿ ಹತ್ತು ಗಂಟೆಯ ಮೇಲೆ ಕಂಬ ಮುಟ್ಟಿದರೆ ಅಂಗೈ ಬೊಬ್ಬೆ. ಹಾಗಾಗಿ ಚೇವೊ ಮಸುಕಿನಲ್ಲೇ ಏಣಿ ಹತ್ತುತ್ತಾನೆ, ಬಿಸಿಲೇರುವ ಮೊದಲು ಇಳಿಯುತ್ತಾನೆ. ಚಳಿಗಾಲದಲ್ಲೂ ಅದೇ ಅಭ್ಯಾಸ.

ಅವನ ಪಿತ್ತ ನೆತ್ತಿಗೇರಿಸುತ್ತಿದ್ದದ್ದು ಬಾಗಿಲು. ಪಂಜರದ ಬಾಗಿಲು ಕೈ ಬಿಟ್ಟ ಕೂಡಲೇ ತಾನಾಗಿಯೇ ಮುಚ್ಚಿಕೊಳ್ಳಬೇಕು, ತಾನಾಗಿಯೇ ಚಿಲಕ ಬೀಳಬೇಕು. ಚಿಲಕ ಮಗುವಿನ ಕೈಗೆ ಎಟುಕಬಾರದು. ಕೆಲಸ ಮುಗಿಸಿದ ಮೇಲೆ ಚೇವೊ ಬಾಗಿಲನ್ನು ಮೂರು ಬೆರಳಷ್ಟು ತೆರೆದು ಬಿಡುತ್ತಾನೆ. ಅಷ್ಟೇ ಸಂದಿನಿಂದಲೂ ಅದು ಹೋಗಿ ಟಕ್ಕೆಂದು ಕೂರದಿದ್ದರೆ ಆ ಮನೆಯಿಂದ ಕದಲುವುದಿಲ್ಲ. ಇವನು ಇಷ್ಟು ಕಷ್ಟಪಟ್ಟು ಮುಚ್ಚಿಸಿದ ಬಾಗಿಲಿಗೆ ಜನ ಮಾಡುವುದೇನು? ಕೊಳದ ಬಳಿ ಸುಟ್ಟ ಮಾಂಸದ ತಟ್ಟೆ ಹಿಡಿದು ಒಳಗೂ ಹೊರಗೂ ಓಡಾಡಲು ತೊಂದರೆ ಎಂದು ಹೂಕುಂಡ ಅಡ್ಡ ಇಡುತ್ತಾರೆ. ಹಿಂದೊಮ್ಮೆ ಅವನು ಒಂದು ಪಂಜರವನ್ನು ಪೂರ್ತಿ ಬಿಚ್ಚಿ ಹಾಕಲು ಹೋಗಿದ್ದ. ಆ ಮನೆಯಲ್ಲಿ ಬಾಗಿಲಿಗೆ ಬಿಯರ್ ಪೆಟ್ಟಿಗೆ ಅಡ್ಡ ಇಟ್ಟಿದ್ದರು, ಎರಡು ವರ್ಷದ ಗಂಡುಮಗು ನೀರಿಗೆ ಬಿದ್ದು ತೀರಿಹೋಗಿತ್ತು. ಅಂದಿನಿಂದ ಅಡ್ಡ ಇಟ್ಟ ಕುಂಡ ಕಂಡರೆ ಅವನು ಎತ್ತಿ ಕಾಂಪೌಂಡಿನಾಚೆ ಎಸೆಯುತ್ತಾನೆ. ಆ ಕೋಪವನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಮೂವತ್ತು ವರ್ಷ ಸರಿಯಾಗಿಯೇ ಕೋಪ ಮಾಡಿಕೊಂಡವನಿಗೆ ತನ್ನ ಕೋಪವೆಲ್ಲ ಸರಿಯೇ ಎಂಬ ಸೊಕ್ಕು ಬಂದುಬಿಡುತ್ತದೆ.

ಕಳೆದ ಜುಲೈಯಲ್ಲಿ ದೋನ್ಯಾ ಎರ್ಮಿನಿಯಾ ಲಾಂದೇರೋಸ್ ಅವನನ್ನು ಕರೆಸಿದ್ದಳು. ದೋನ್ಯಾ ಎಂದರೆ ಇಲ್ಲಿ ಅಮ್ಮಾವ್ರು, ಗಂಡಸರಿಗೆ ದೋನ್. ಎರ್ಮಿನಿಯಾ ವಿಧವೆ, ಮನೆ ಅವಳದು, ಮಾತೂ ಅವಳದು. ಮಗ ಗಿಲ್ಬರ್ತೊ, ಸೊಸೆ ಯಾದಿರಾ, ಆಗಿನ್ನೂ ತಪ್ಪು ಹೆಜ್ಜೆ ಇಡುತ್ತಿದ್ದ ಮೊಮ್ಮಗಳು ನೊಯೆಮಿ ಎಲ್ಲರೂ ಅವಳ ನೆರಳಲ್ಲೇ. ನಾಯಿಯ ಉಗುರಿಗೂ ಹರಿಯದ ದಪ್ಪ ಜಾಲರಿ ಬೇಕೆಂದಳು. ಕುಳಿತಲ್ಲಿಂದ ಹೀಲಾ ಬೆಟ್ಟ ಕಾಣಬೇಕು, ಬಾಗಿಲ ಪಕ್ಕದ ಎರಡು ಕಂಬಗಳ ನಡುವಿನ ಅಂಕಣಕ್ಕಿರುವ ಅಡ್ಡಪಟ್ಟಿ ತೆಗೆದುಬಿಡಿ ಎಂದಳು. ಕಂಬ ಬಾಗದಂತೆ ತಡೆಯುವ ಪಟ್ಟಿ ಅದು ಎಂದು ಚೇವೊ ಗೊಣಗಿಕೊಂಡೇ ತೆಗೆದ. ದಪ್ಪ ಜಾಲರಿ ಚಳಿಗೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಕೂರಿಸುವಾಗ ಸ್ವಲ್ಪ ಸಡಿಲ ಬಿಡಬೇಕು. ಅವನೂ ಬಿಟ್ಟಿದ್ದ.

ಎರ್ಮಿನಿಯಾ ಬಂದು ಬೆರಳಿನಿಂದ ಒತ್ತಿ ನೋಡಿದಳು.

"ಇದೇನು ದೋನ್ ಚೇವೊ, ಹಳೇ ಸೋಫಾ ಹಾಗೆ ಜೋತು ಬಿದ್ದಿದೆ?"

"ಬೇಕಂತಲೇ ಬಿಟ್ಟಿದೀನಿ, ದೋನ್ಯಾ. ಚಳಿ ಬರಲಿ, ತಾನೇ ಬಿಗಿಯಾಗತ್ತೆ."

"ಚಳಿಗಾಲಕ್ಕೆ ಇನ್ನೂ ಆರು ತಿಂಗಳಿದೆ. ಅಲ್ಲೀವರೆಗೂ ನಾನು ಈ ಸುಕ್ಕು ನೋಡ್ಕೊಂಡು ಕೂತಿರಬೇಕಾ? ಮೂವತ್ತು ವರ್ಷದ ಕೈಚಳಕ ಇದೇನಾ? ನಮ್ಮೆಜಮಾನ್ರು ಇದ್ದಿದ್ರೆ ಒಂದು ಕಣ್ಣು ಮುಚ್ಕೊಂಡೇ ಇದಕ್ಕಿಂತ ಚೆನ್ನಾಗಿ ಎಳೀತಿದ್ರು."

ಆಗ ಹನ್ನೊಂದು ಗಂಟೆ. ಕಂಬ ಕಾದ ಹೆಂಚಾಗಿತ್ತು. ಅಂಗೈ ಸುಟ್ಟಿತ್ತು, ತಂದ ನೀರು ಮುಗಿದಿತ್ತು. ಚೇವೊ ಕೆಂಡಾಮಂಡಲವಾದ. ಕೂರಿಸಿದ್ದ ಹುರಿಯನ್ನೆಲ್ಲ ಸರ್ರನೆ ಕಿತ್ತ. ಆ ಸುಡುಬಿಸಿಲಿನಲ್ಲೇ ಜಾಲರಿಯನ್ನು ಮೈಯ ಬಲವೆಲ್ಲ ಹಾಕಿ ಎಳೆದು, ಹಿಡಿಕೆಯ ಪುಟ್ಟ ಗಾಲಿಯಿಂದ ಒತ್ತಿ ಒತ್ತಿ ಸಂದಿಗೆ ಹುರಿ ತುಂಬಿದ.

"ತಗೊಳ್ಳಿ. ಇನ್ನು ಇದರ ಮೇಲೆ ತಮಟೆ ಬಾರಿಸ್ಕೊಳ್ಳಿ."

ಎರ್ಮಿನಿಯಾ ಬೆರಳಿಂದ ಮೀಟಿದಳು. ಜಾಲರಿ ಡಂ ಎಂದಿತು. ಅವಳಿಗೆ ಖುಷಿಯಾಯಿತು. ಬಾಗಿಲೂ ಮೂರು ಬೆರಳಿನ ಪರೀಕ್ಷೆಯಲ್ಲಿ ಟಕ್ಕೆಂದು ಕೂತಿತು. ಹೀಗೆ ಬಿಗಿಯಬಾರದು ಎಂದು ಚೇವೊನ ಕೈಗಳಿಗೆ ಗೊತ್ತಿತ್ತು. ಆದರೆ ಆ ಹೊತ್ತಿನಲ್ಲಿ ಕೈಯ ಮಾತು ಕೇಳುವಷ್ಟು ವ್ಯವಧಾನ ಅವನಿಗೆಲ್ಲಿತ್ತು? ದುಮುಗುಟ್ಟುತ್ತಾ ವ್ಯಾನು ಹತ್ತಿದ, ಮನೆ ಸೇರುವಷ್ಟರಲ್ಲಿ ಮರೆತ.

ಜನವರಿಯಲ್ಲಿ ಎರ್ಮಿನಿಯಾಳ ಫೋನು ಬಂತು.

"ದೋನ್ ಚೇವೊ, ನಿನ್ನೆ ಬೆಳಿಗ್ಗೆ ನಮ್ಮ ನೊಯೆಮಿ ಕೊಳದ ಮೆಟ್ಟಲಲ್ಲಿ ನಿಂತಿತ್ತು, ಸೊಂಟದವರೆಗೂ ನೀರು. ನಾಯಿ ಬೊಗಳಿದ್ದಕ್ಕೆ ಉಳೀತು. ನಮ್ಮ ಸೊಸೆ ಹೇಳ್ತಾಳೆ, ಬಾಗಿಲು ಹಾಕ್ಕೊಂಡಿತ್ತು, ಚಿಲಕ ಬಿದ್ದಿರಲಿಲ್ಲ ಅಂತ. ಗಿಲ್ಬರ್ತೊ ಸಂಜೆ ಕೆಲಸದಿಂದ ಬಂದು ಇಪ್ಪತ್ತು ಸಲ ನೋಡಿದ. ಇಪ್ಪತ್ತು ಸಲಾನೂ ಬಿತ್ತು."

ಚೇವೊನ ಕಣ್ಣ ಮುಂದೆ ಆ ಹಳೆಯ ಬಿಯರ್ ಪೆಟ್ಟಿಗೆ ಬಂದು ನಿಂತಿತು.

"ನನ್ನ ಬಾಗಿಲು ಹಾಗೆ ಮಾಡಲ್ಲ, ದೋನ್ಯಾ! ಅವಳೇ ಏನೋ ಅಡ್ಡ ಇಟ್ಟಿರ್ತಾಳೆ, ಈಗ ಬಾಗಿಲಿನ ಮೇಲೆ ಹಾಕ್ತಿದಾಳೆ. ಮಗು ಇರೋ ಮನೇಲಿ ಬಾಗಿಲು ತೆರೆದಿಡೋಳು ಎಂಥಾ ತಾಯಿ? ನಾನೇ ಹೇಳಿದೆ ಅಂತ ಹೇಳಿ ಅವಳಿಗೆ."

ಹೇಳುವ ಅಗತ್ಯವೇ ಇರಲಿಲ್ಲ. ಫೋನು ಅಡಿಗೆಮನೆಯ ಮೇಜಿನ ಮೇಲೆ ಸ್ಪೀಕರಿನಲ್ಲಿತ್ತು. ಯಾದಿರಾ ಎದುರಿಗೇ ನಿಂತಿದ್ದಳು.

ಹತ್ತು ದಿನದ ಮೇಲೆ ಅವಳೇ ಫೋನು ಮಾಡಿದಳು.

"ನಾನು ಯಾದಿರಾ ಲಾಂದೇರೋಸ್. ಎಂಥಾ ತಾಯಿ ಅಂದ್ರಲ್ಲ, ಅದೇ ತಾಯಿ. ಒಂದು ಸಲ ಬಂದು ನೋಡಿ. ಬೆಳಿಗ್ಗೇನೇ ಬನ್ನಿ, ಮಧ್ಯಾಹ್ನ ಬರಬೇಡಿ."

"ನೋಡೋದೇನಿದೆ? ಬಾಗಿಲು—"

"ಮಗು ಮಂಚ ಈಗ ಅತ್ತೆ ರೂಮಲ್ಲಿದೆ. ಸ್ನಾನ ಮಾಡ್ಸೋಕೂ ನನ್ನ ಬಿಡಲ್ಲ. ಶನಿವಾರ ನನ್ನೊಬ್ಬಳನ್ನೇ ಸೋಮರ್ಟನ್‌ಗೆ, ಅಮ್ಮನ ಮನೆಗೆ ಕಳಿಸ್ತಾರಂತೆ, 'ಬುದ್ಧಿ ಬರೋವರೆಗೂ'. ಚೇವೊನೇ ಹೇಳಿದಾನೆ ಅಂತಾರೆ ಎಲ್ಲದಕ್ಕೂ. ಹೇಳಿದೋರು ಬಂದು ನೋಡಿ."

ಚೇವೊ ಹೋದ, ಬೈಯಲೆಂದೇ ಹೋದ. ಶನಿವಾರ, ಸೂರ್ಯ ಇನ್ನೂ ಹುಟ್ಟಿರಲಿಲ್ಲ, ಬಾಯಿಂದ ಹಬೆ ಬರುವಷ್ಟು ಚಳಿ. ಹಿತ್ತಿಲ ಗೇಟಿನಲ್ಲಿ ಯಾದಿರಾ ಗಂಡನ ಜಾಕೆಟ್ ಹೊದ್ದು ನಿಂತಿದ್ದಳು. ಇಪ್ಪತ್ತಾರರ ಹುಡುಗಿ, ಕಣ್ಣಿನ ಸುತ್ತ ಕಪ್ಪು.

"ಎಲ್ಲಿ ನಿನ್ನ ಹೂಕುಂಡ?" ಎಂದ.

"ಮೂರು ಬೆರಳು ತೆರೆದು ಬಿಡಿ. ನೀವು ಹಾಗೆ ನೋಡ್ತೀರಂತಲ್ಲ."

ತೆರೆದು ಬಿಟ್ಟ. ಬಾಗಿಲು ಹೋಗಿ ಕಂಬಕ್ಕೆ ತಾಗಿತು, ಸದ್ದಿಲ್ಲದೆ ನಿಂತಿತು. ಟಕ್ಕೆನ್ನಲಿಲ್ಲ. ಕಿರುಬೆರಳಿನಿಂದ ದೂಡಿದರೆ ತೆರೆಯಿತು. ಮತ್ತೆ ಬಿಟ್ಟ. ಮತ್ತೆ ಅಷ್ಟೇ. ಪೂರ್ತಿ ತೆರೆದು ಬಿಟ್ಟ, ಬಡಿದು ಹಿಂದಕ್ಕೆ ಬಂತು. ಬಗ್ಗಿ ಹೊಸ್ತಿಲು ನೋಡಿದ, ಕಲ್ಲಿಲ್ಲ. ಕೀಲಿನ ತಿರುಪು ನೋಡಿದ, ಸಡಿಲವಾಗಿಲ್ಲ. ಯಾರೋ ಕೈಯಾಡಿಸಿದ್ದಾರೆಂದು ತೋರಿಸಲು ಏನಾದರೂ ಸಿಗಲಿ ಎಂದು ಹುಡುಕಿದ. ಏನೂ ಸಿಗಲಿಲ್ಲ. ಕೊನೆಗೆ ಒಂದು ಕಣ್ಣು ಮುಚ್ಚಿ ಚಿಲಕದ ಕಂಬವನ್ನು ಕೆಳಗಿನಿಂದ ಮೇಲಕ್ಕೆ ನೋಡಿದ. ಕಂಬ ನಡುವಿನಲ್ಲಿ ಬಿಲ್ಲಿನಂತೆ ಬಾಗಿತ್ತು, ಬಾಗಿಲಿನಿಂದ ಆಚೆಗೆ, ಆ ಅಡ್ಡಪಟ್ಟಿಯಿಲ್ಲದ ಅಂಕಣದ ಕಡೆಗೆ. ಚಿಲಕದ ನಾಲಿಗೆಗೂ ಕಂಬದಲ್ಲಿ ಅದನ್ನು ಹಿಡಿಯುವ ಕಚ್ಚಿಗೂ ನಡುವೆ ಒಂದು ನಾಣ್ಯದ ದಪ್ಪದಷ್ಟು ಅಂತರ. ಜಾಲರಿಯನ್ನು ಮೀಟಿದ. ಜುಲೈಯಲ್ಲಿ ಡಂ ಎಂದಿದ್ದದ್ದು ಈಗ ತಂತಿಯಂತೆ ಕೀರಲು ದನಿಯಲ್ಲಿ ಕೂಗಿತು. ಚಳಿಗೆ ಕುಗ್ಗಿದ ಜಾಲರಿ ಕಂಬವನ್ನೇ ಎಳೆದುಕೊಂಡಿತ್ತು. ಬಿಸಿಲೇರಿದರೆ ಸಡಿಲವಾಗುತ್ತದೆ, ಕಂಬ ನೆಟ್ಟಗಾಗುತ್ತದೆ, ಸಂಜೆ ಇಪ್ಪತ್ತು ಸಲವೂ ಚಿಲಕ ಬೀಳುತ್ತದೆ.

ಬಾಗಿಲಿಗೆ ಅಡ್ಡ ಇಟ್ಟವನು ಚೇವೊನೇ. ಹೂಕುಂಡ ಇಟ್ಟಿದ್ದರೆ ಕಣ್ಣಿಗಾದರೂ ಕಾಣುತ್ತಿತ್ತು.

ಕೈ ತಾನಾಗಿಯೇ ಸ್ಕ್ರೂಡ್ರೈವರ್ ಎತ್ತಿಕೊಂಡಿತು. ಕಚ್ಚಿನ ಎರಡು ತಿರುಪು ಸಡಿಲಿಸಿ ಒಂದಿಷ್ಟು ಮುಂದೆ ಸರಿಸಿದರೆ ಮುಗಿಯಿತು. ಐದು ನಿಮಿಷದ ಕೆಲಸ. ಈ ಊರಿನಲ್ಲಿ ಯಾರಿಗೂ ತಿಳಿಯುವುದಿಲ್ಲ. ಮೊದಲ ತಿರುಪು ಅರ್ಧ ತಿರುಗಿಯೂ ಇತ್ತು.

"ಅದನ್ನ ಈಗ ಸರಿ ಮಾಡ್ಬಿಟ್ರೆ," ಎಂದಳು ಯಾದಿರಾ ಹಿಂದಿನಿಂದ, "ನಾನೇ ಸುಳ್ಳಿ ಆಗಿ ಉಳೀತೀನಿ."

ಚೇವೊ ತಿರುಗಿ ನೋಡಲಿಲ್ಲ. ಸ್ಕ್ರೂಡ್ರೈವರನ್ನು ಡಬ್ಬಿಗೆ ಎಸೆದ. "ಎಲ್ರನ್ನೂ ಕರಿ," ಎಂದ. "ಬಿಸಿಲು ಬರೋ ಮುಂಚೆ ಕರಿ."

ಎರ್ಮಿನಿಯಾ ಶಾಲು ಹೊದ್ದು ಬಂದಳು, ಸೊಂಟದಲ್ಲಿ ನಿದ್ದೆಗಣ್ಣಿನ ನೊಯೆಮಿ. ಗಿಲ್ಬರ್ತೊ ಬರಿಗಾಲಲ್ಲಿ ಬಂದ. ಚೇವೊ ನಾಲ್ಕು ಸಲ ಬಾಗಿಲು ಬಿಟ್ಟು ತೋರಿಸಿದ. ನಾಲ್ಕು ಸಲವೂ ಚಿಲಕ ಬೀಳಲಿಲ್ಲ.

"ಚಳಿಗೆ ಎಲ್ಲಾದ್ರೂ ಬಾಗಿಲು ಕೆಡತ್ತಾ?" ಎಂದಳು ಎರ್ಮಿನಿಯಾ. "ಅವಳು ಅತ್ತು ಕರೆದು ಮಾಡಿರ್ತಾಳೆ, ನಿಮ್ಮ ಮನಸ್ಸು ಕರಗಿದೆ."

ಚೇವೊ ಸೊಂಟದ ಚಾಕು ತೆಗೆದು ಜಾಲರಿಯನ್ನು ಮೇಲಿಂದ ಕೆಳಕ್ಕೆ ಸೀಳಿದ. ಕಂಬ ಠಣ್ಣನೆ ನೆಟ್ಟಗಾಯಿತು. ನಾಯಿ ಬೊಗಳಿತು. ಅವನು ಬಾಗಿಲು ಬಿಟ್ಟ, ಚಿಲಕ ಟಕ್ಕೆಂದು ಬಿತ್ತು.

"ಇದು ಸುಕ್ಕಿಲ್ಲದ ಜಾಲರಿ, ದೋನ್ಯಾ. ಕೇಳಿದ್ದು ನೀವು. ಹಾಗೆ ಬಿಗೀಬಾರದು ಅಂತ ಗೊತ್ತಿದ್ದೋನು ನಾನು. ನಿಮ್ಮ ಮಾತಿಗೆ ಸಿಟ್ಟು ಬಂತು, ಸಿಟ್ಟಲ್ಲಿ ಬಿಗಿದೆ. ಮಗು ನೀರಿಗಿಳಿದದ್ದು ನನ್ನಿಂದ. ಇವಳು ಏನೂ ಮಾಡಿಲ್ಲ."

ಎರ್ಮಿನಿಯಾ ಸೀಳಿದ ಜಾಲರಿಯ ಅಂಚು ಹಿಡಿದು ನೋಡಿದಳು.

"ಯಾದಿ," ಎಂದ ಗಿಲ್ಬರ್ತೊ, "ನಾನು ಸಂಜೆ ನೋಡಿದಾಗ ಸರಿಯಾಗೇ—"

"ಬೆಳಿಗ್ಗೆ ಅಂತ ಎಷ್ಟು ಸಲ ಬಡ್ಕೊಂಡೆ? ಒಂದು ದಿನ, ಒಂದೇ ಒಂದು ದಿನ ಬೇಗ ಎದ್ದು ಬಂದು ನೋಡೋಕಾಗ್ಲಿಲ್ವಾ ನಿಂಗೆ?"

ಅವಳು ಅತ್ತೆಯ ಸೊಂಟದಿಂದ ಮಗುವನ್ನು ಎತ್ತಿಕೊಂಡಳು. ಎರ್ಮಿನಿಯಾಳ ಕೈ ಒಂದು ಕ್ಷಣ ಬಿಗಿಯಿತು, ಆಮೇಲೆ ಬಿಟ್ಟಿತು. ನೊಯೆಮಿ ತಾಯಿಯ ಕತ್ತಿಗೆ ಮುಖ ಒತ್ತಿಕೊಂಡಿತು.

"ಕ್ಷಮಿಸು ಮಿಹಾ," ಎಂದ ಚೇವೊ. ಮಿಹಾ ಎಂದರೆ ಮಗಳೇ ಎಂದು; ಸ್ವಂತ ಮಗಳನ್ನಲ್ಲದೆ ಇನ್ನಾರನ್ನೂ ಅವನು ಹಾಗೆ ಕರೆದವನಲ್ಲ.

"ಮಿಹಾ ಅನ್ಬೇಡಿ. ನನ್ನ ಮುಖ ನೋಡಿರಲಿಲ್ಲ, ಬಾಗಿಲು ನೋಡಿರಲಿಲ್ಲ. ಫೋನಲ್ಲೇ ಎಂಥಾ ತಾಯಿ ಅಂತ ತೀರ್ಮಾನ ಮಾಡಿದ್ರಿ. ಕೆಲಸ ಮಾಡಿ ಮೊದಲು."

ಚೇವೊ ಕೆಲಸ ಮಾಡಿದ. ಯಾರನ್ನೂ ಕೇಳದೆ ಅಡ್ಡಪಟ್ಟಿಯನ್ನು ಮತ್ತೆ ಕೂರಿಸಿದ. ಹೀಲಾ ಬೆಟ್ಟ ಎರಡು ಭಾಗವಾಯಿತು. ಹೊಸ ಜಾಲರಿಯನ್ನು ಹದವಾಗಿ ಎಳೆದು ಹುರಿ ಒತ್ತಿದ. ಜುಲೈಯಲ್ಲಿ ಬೆಳಿಗ್ಗೆಯೇ ಕಾಫಿ, ಮೊಟ್ಟೆ ಹಾಕಿದ ಒಣಮಾಂಸದ ಮಚಾಕಾ ಸುತ್ತಿದ ರೊಟ್ಟಿ ಕೊಟ್ಟಿದ್ದ ಆ ಮನೆಯಲ್ಲಿ ಇಂದು ಅವನಿಗೆ ಒಂದು ಲೋಟ ನೀರೂ ಬರಲಿಲ್ಲ. ಬರಬೇಕೆಂದು ಅವನಿಗೂ ಅನಿಸಲಿಲ್ಲ. ಒಳಗೆ ಯಾದಿರಾ ಕಪಾಟು ತೆಗೆದು ಮುಚ್ಚುವ ಸದ್ದು ಕೇಳುತ್ತಿತ್ತು. ಚೇವೊನಿಗೆ ಎರ್ಮಿನಿಯಾಳ ಮೇಲೆ ಸಿಟ್ಟಿತ್ತು, ಹೆಂಡತಿಯ ಮಾತು ನಂಬದ ಆ ಹೆಡ್ಡನ ಮೇಲೂ ಸಿಟ್ಟಿತ್ತು. ಆದರೆ ಈ ಸಲ ಯಾರನ್ನೂ ಬೈಯಲು ನಾಲಿಗೆ ಏಳಲಿಲ್ಲ. ಅವರಿಬ್ಬರೂ ನಂಬಿದ್ದು ತನ್ನ ಮಾತನ್ನೇ.

ಹನ್ನೊಂದರ ಹೊತ್ತಿಗೆ ಯಾದಿರಾ ಹೊರಗೆ ಬಂದಳು. ಸೊಂಟದಲ್ಲಿ ಮಗು, ಹೆಗಲಿಗೆ ಎರಡು ಚೀಲ. ಬಾಗಿಲು ತೆರೆದು ಬಿಟ್ಟಳು. ಚಿಲಕ ಬಿತ್ತು. ಹತ್ತು ಹನ್ನೆರಡು ಸಲ ನೋಡಿದಳು.

"ಸರಿಯಾಯ್ತಾ?" ಎಂದ ಚೇವೊ, ಮೆಲ್ಲಗೆ.

"ಈಗೇನೋ ಬೀಳ್ತಿದೆ," ಎಂದಳು. ಮೆಟ್ಟಿಲಲ್ಲಿ ನಿಂತಿದ್ದ ಗಂಡನನ್ನೂ ಅತ್ತೆಯನ್ನೂ ನೋಡಿದಳು. "ನಾಳೆ ಬೆಳಿಗ್ಗೆ ಚಳೀಲಿ ಅವರೇ ಎದ್ದು ನೋಡ್ಕೊಳ್ಳಲಿ. ನಾನೂ ಮಗೂನೂ ಸೋಮರ್ಟನ್‌ನಲ್ಲಿ ಇರ್ತೀವಿ."

ಗಿಲ್ಬರ್ತೊ ಎರಡು ಹೆಜ್ಜೆ ಇಟ್ಟು ನಿಂತ. ಅವಳು ಮಗುವನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟನ್ನು ಎಳೆದು ಎಳೆದು ನೋಡಿ, ಹೊರಟುಹೋದಳು.